ಲುಡ್ವಿಗ್ ಆಂಜೈನ

ಕೆಳದವಡೆಯ ಅಡಿಯಲ್ಲಿ, ನಾಲಿಗೆಯ ಬುಡದ ಮೃದು ಅಂಗಾಂಶಗಳಲ್ಲಿ ಎರಡೂ ಬದಿಗೆ ವೇಗವಾಗಿ ಹರಡುವ ತೀವ್ರ ಸೋಂಕು. ಜರ್ಮನಿಯ ವೈದ್ಯ ವಿಲ್ಹೆಲ್ಮ್ ಫ್ರೆಡ್ರಿಕ್ ಫಾನ್ ಲುಡ್ವಿಗ್ 1836ರಲ್ಲಿ ಇದನ್ನು ವಿವರಿಸಿದರು. ಬಹುಪಾಲು ಪ್ರಕರಣಗಳ ಮೂಲ ಹುಳುಕು ಹಿಡಿದ ಕೆಳಸಾಲಿನ ಎರಡನೆಯ ಅಥವಾ ಮೂರನೆಯ ದವಡೆಹಲ್ಲು. ಇವುಗಳ ಬೇರಿನ ತುದಿ ಬಾಯಿಯ ತಳದ ಸ್ನಾಯು ದವಡೆಗೆ ಅಂಟುವ ಗೆರೆಗಿಂತ ಕೆಳಗಿರುವುದರಿಂದ ಕೀವು ಬಾಯೊಳಗೆ ಒಡೆಯದೆ ಕುತ್ತಿಗೆಯತ್ತ ಇಳಿಯುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಅಪಾಯ ಹೆಚ್ಚು.

ಗದ್ದದಡಿಯ ಊತ ಮುಟ್ಟಿದರೆ ಹಲಗೆಯಂತೆ ಗಟ್ಟಿ. ನಾಲಿಗೆ ಮೇಲಕ್ಕೆ, ಹಿಂದಕ್ಕೆ ಸರಿಯುತ್ತದೆ. ನುಂಗಲಾಗದೆ ಜೊಲ್ಲು ಸುರಿಯುತ್ತದೆ, ಬಾಯಿ ಪೂರ್ತಿ ತೆರೆಯದು. ರೋಗಿ ಮಲಗಲಾರದೆ ಮುಂದಕ್ಕೆ ಬಾಗಿ ಕುಳಿತಿದ್ದರೆ ಉಸಿರಿನ ದಾರಿ ಮುಚ್ಚುತ್ತಿದೆಯೆಂದೇ ತಿಳಿಯಬೇಕು. ಸಾವಿಗೆ ಮುಖ್ಯ ಕಾರಣ ಇದೇ. ಸೋಂಕು ಎದೆಗೂಡಿಗೆ ಇಳಿಯುವುದು ಇನ್ನೊಂದು. ಆದ್ದರಿಂದ ಸ್ಕ್ಯಾನ್‌ಗಿಂತ ಮೊದಲು ಉಸಿರಾಟ ಭದ್ರವಾಗಬೇಕು: ಶ್ವಾಸನಾಳಕ್ಕೆ ಕೊಳವೆ ಇಳಿಸುತ್ತಾರೆ, ಆಗದಿದ್ದರೆ ಕುತ್ತಿಗೆಯಲ್ಲಿ ರಂಧ್ರ ಮಾಡುತ್ತಾರೆ. ರಕ್ತನಾಳದ ಮೂಲಕ ಆಂಟಿಬಯೋಟಿಕ್ ಕೊಡುವುದು, ಕೀವು ಹೊರಹಾಕುವುದು, ಕೆಟ್ಟ ಹಲ್ಲು ಕೀಳುವುದು ಮುಂದಿನ ಚಿಕಿತ್ಸೆ.

ಆಂಟಿಬಯೋಟಿಕ್ ಬರುವ ಮುನ್ನ ಅರ್ಧಕ್ಕೂ ಹೆಚ್ಚು ರೋಗಿಗಳು ಸಾಯುತ್ತಿದ್ದರು. ಇಂದು ಸಕಾಲದಲ್ಲಿ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಬದುಕುತ್ತಾರೆ. ಹಲ್ಲುನೋವಿನ ಜೊತೆ ಗದ್ದದಡಿ ಊದಿ ನುಂಗಲು ಕಷ್ಟವಾದರೆ ಲವಂಗ, ನೋವಿನ ಮಾತ್ರೆ ಎಂದು ರಾತ್ರಿ ಕಳೆಯದೆ ನೇರ ಆಸ್ಪತ್ರೆಗೆ ಹೋಗಬೇಕು.