ಹೊಗೆಗೆ ಹಚ್ಚಿದ ಕೆಲಸ

ಕತ್ರಿಗುಪ್ಪೆಯ ಸಿಗ್ನಲ್ಲಿನಲ್ಲಿ ವಾಹನಗಳ ಹೊಗೆ ಕುಡಿಯುತ್ತ ನಿಲ್ಲುವ ನಾವು, ಅದರೊಡನೆ ಎಷ್ಟು ಶಕ್ತಿ ವ್ಯರ್ಥವಾಗುತ್ತಿದೆಯೆಂದು ಯೋಚಿಸುವುದಿಲ್ಲ. ಸ್ವಿಟ್ಜರ್ಲೆಂಡಿನ ಎಂಜಿನಿಯರು ಆಲ್ಫ್ರೆಡ್ ಬ್ಯೂಚಿ ಯೋಚಿಸಿದನು. ಹೊರಬೀಳುವ ಬಿಸಿ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ಚಕ್ರದಿಂದ ಎಂಜಿನ್ನಿನೊಳಕ್ಕೆ ಗಾಳಿಯನ್ನು ಒತ್ತಿ ತುಂಬುವುದು ಆತನ ಉಪಾಯ. ಗಾಳಿ ಹೆಚ್ಚಿದರೆ ಇಂಧನವೂ ಹೆಚ್ಚು ಉರಿದೀತು. ಸಣ್ಣ ಎಂಜಿನ್ನೇ ದೊಡ್ಡದರ ಕೆಲಸ ಮಾಡೀತು. ಇದೇ ಟರ್ಬೊಚಾರ್ಜರು. 1905ರಲ್ಲಿ ಪೇಟೆಂಟು ಪಡೆದವನು ಫಲ ಕಾಣಲು ಇಪ್ಪತ್ತು ವರ್ಷ ಕಾಯಬೇಕಾಯಿತು. 1926ರಲ್ಲಿ ಜರ್ಮನಿಯ ಎರಡು ಹಡಗುಗಳಲ್ಲಿ ಡೀಸೆಲ್ ಎಂಜಿನ್ನುಗಳ ಬಲ 1750 ಅಶ್ವಶಕ್ತಿಯಿಂದ 2500ಕ್ಕೇರಿತು.

ವಿದ್ಯುತ್ತಿನ ಜೊತೆಗಾರಿಕೆಯೂ ಹೊಸದಲ್ಲ. ಸುಮಾರು 1900ರಲ್ಲೇ ಫರ್ಡಿನಾಂಡ್ ಪೋರ್ಶೆ ಪೆಟ್ರೋಲ್ ಎಂಜಿನ್ನನ್ನೂ ವಿದ್ಯುತ್ ಮೋಟಾರನ್ನೂ ಒಂದೇ ಗಾಡಿಗೆ ಹೂಡಿದ್ದನು.

2016ರಲ್ಲಿ ಭಾರತಕ್ಕೆ ಬಂದ ವೋಲ್ವೊ ಎಕ್ಸ್‌ಸಿ90 ಟಿ8 ಕಾರಿನಲ್ಲಿ ಇವೆರಡೂ ಕೂಡಿದ್ದವು. ಅಷ್ಟು ದೊಡ್ಡ ಗಾಡಿಗೆ ಎಂಜಿನ್ನು ಕೇವಲ 1969 ಸಿಸಿ! ಮರುವರ್ಷ ನಮ್ಮ ಹೊಸಕೋಟೆಯಲ್ಲೇ ಎಕ್ಸ್‌ಸಿ90 ಕಾರುಗಳ ಜೋಡಣೆ ಮೊದಲಾಯಿತು.

ಗೋಡೆಯ ಪ್ಲಗ್ಗಿನಿಂದ ಚಾರ್ಜು ಮಾಡಿದರಷ್ಟೇ ಇಂಥ ಗಾಡಿಯ ಉಳಿತಾಯ. ಕತ್ರಿಗುಪ್ಪೆಯ ಮಹಡಿಮನೆಯ ಬಾಡಿಗೆದಾರರು ಬೀದಿಯಲ್ಲಿ ನಿಂತ ಕಾರಿಗೆ ತಂತಿಯನ್ನು ಎಲ್ಲಿಂದ ಎಳೆದಾರು? ಚಾರ್ಜಿಲ್ಲದ ದಿನ ಬ್ಯಾಟರಿಯ ಭಾರವನ್ನೂ ಆ ಸಣ್ಣ ಎಂಜಿನ್ನೇ ಹೊರಬೇಕು.