ಕಂಕುಳಿನ ಸಹಜ ದುಗ್ಧರಸ ಗ್ರಂಥಿ: ಅಲ್ಟ್ರಾಸೌಂಡ್ ಲಕ್ಷಣಗಳು

ಕಂಕುಳಿನ ಗ್ರಂಥಿಗಳನ್ನು, ಮುಖ್ಯವಾಗಿ ಸ್ತನ ಕ್ಯಾನ್ಸರ್ ತಪಾಸಣೆಯಲ್ಲಿ, ತೋಳನ್ನು ಮೇಲಕ್ಕೆತ್ತಿಸಿ ಅಧಿಕ ಆವರ್ತನದ ಲೀನಿಯರ್ ಪ್ರೋಬ್‌ನಿಂದ ನೋಡುತ್ತಾರೆ. ಸಹಜ ಗ್ರಂಥಿಯದು ಮೂತ್ರಪಿಂಡದ ಆಕಾರ: ಹೊರಗೆ ತೆಳುವಾದ ಕಪ್ಪು ಅಂಚು, ಅಂದರೆ ಕಾರ್ಟೆಕ್ಸ್, ನಡುವೆ ಕೊಬ್ಬು ತುಂಬಿ ಬೆಳ್ಳಗೆ ಕಾಣುವ ಹೈಲಮ್. ಈ ಬಿಳುಪು ಸುತ್ತಲಿನ ಕೊಬ್ಬಿನೊಡನೆ ಬೆರೆತುಹೋಗಿ ಹೊಸಬರ ಕಣ್ಣು ತಪ್ಪಿಸುವುದುಂಟು. ಆಗ ಹೈಲಮ್‌ನ ರಕ್ತನಾಳವನ್ನು ತೋರಿಸುವ ಡಾಪ್ಲರ್ ನೆರವಾಗುತ್ತದೆ. ಕಾರ್ಟೆಕ್ಸ್ ಸಾಮಾನ್ಯವಾಗಿ 3 ಮಿ.ಮೀ. ಮೀರದೆ, ಎಲ್ಲೆಡೆ ಒಂದೇ ಸಮನಾಗಿರುತ್ತದೆ.

ಉದ್ದವನ್ನು ನೆಚ್ಚುವಂತಿಲ್ಲ. ಕೊಬ್ಬು ತುಂಬಿ 2 ಸೆಂ.ಮೀ. ದಾಟಿದ ಗ್ರಂಥಿಯೂ ಸಹಜವೇ ಇರಬಹುದು. ದುಗ್ಧರಸ ಹೊರಕವಚದ ಕಡೆಯಿಂದ ಒಳಬರುವುದರಿಂದ ಕ್ಯಾನ್ಸರ್ ಕೋಶಗಳು ಮೊದಲು ತಂಗುವುದು ಅಂಚಿನಲ್ಲೇ. ಅದು ಒಂದು ಕಡೆ ಮಾತ್ರ ಉಬ್ಬಿದ್ದರೆ ಸಂಶಯಕ್ಕೆ ಕಾರಣ. ಕೋವಿಡ್ ಲಸಿಕೆ ಪಡೆದ ತೋಳಿನ ಕಡೆಯೂ ಅಂಚು ಕೆಲ ವಾರ ದಪ್ಪಗಿರಬಹುದು.