ಯತೀಮ ಗಡಿಯಾರಗಳು

ಗುಡಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಈಗ ಮೂರು ಗಡಿಯಾರಗಳಿವೆ. ಗೋಡೆಯ ಮೇಲೆ ಅಜ್ಜನಿಗೆ ಅವರ ತಂದೆಯಿಂದ ಬಂದ ಅನ್ಸೋನಿಯಾ ಲೋಲಕದ ಗಡಿಯಾರ. ಅದರ ಕೆಳಗಿನ ಮಾಡದಲ್ಲಿ ಅಬ್ಬಾ ಕಟ್ಟುತ್ತಿದ್ದ ಎಚ್‌ಎಂಟಿ ಜನತಾ ಕೈಗಡಿಯಾರ. ಮೇಜಿನ ಮೇಲೆ, ತಮ್ಮನ ಮಗ ಬೆಂಗಳೂರಿನಿಂದ ತಂದುಕೊಟ್ಟ ನಿಕ್ಸಿ ಗಡಿಯಾರ. ಅದರ ಗಾಜಿನ ಕೊಳವೆಗಳೊಳಗೆ ಕೆಂಡದ ಬಣ್ಣದ ಅಂಕಿಗಳು ಹೊಳೆಯುತ್ತವೆ. ನೋಡಲು ಬಂದ ಪಕ್ಕದ ಮನೆಯ ಅಜ್ಜಿ, "ಚಂದ ಐತಿ. ಆದ್ರ ಇದಕ್ಕ ಕೀಲಿ ಎಲ್ಲಿ ಕೊಡೂದು?" ಎಂದು ಕೇಳಿದರು. ನಾವೆಲ್ಲ ನಕ್ಕೆವು. ಅದು ನಗುವಂಥ ಪ್ರಶ್ನೆಯಲ್ಲವೆಂದು ತಿಳಿದದ್ದು ಆಮೇಲೆ.

ನಮ್ಮ ಕಡೆಯ ಊರುಗಳಿಗೆ ಗಡಿಯಾರದ ಹೊತ್ತನ್ನು ಕಲಿಸಿದ್ದು ಬಹುಮಟ್ಟಿಗೆ ರೈಲು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಅದೇ ದಶಕದಲ್ಲಿ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹಳಿ ಹಾಕಿತು. ಆಗ ರೈಲುಗಳು ನಡೆಯುತ್ತಿದ್ದುದು ಮದ್ರಾಸಿನ ವೇಳೆಯಂತೆ. ಇಂದಿನ ಭಾರತೀಯ ಪ್ರಮಾಣ ವೇಳೆಗಿಂತ ಅದು ಸುಮಾರು 9 ನಿಮಿಷ ಹಿಂದೆ. 1906ರಲ್ಲಿ ಈ ಪ್ರಮಾಣ ವೇಳೆ ಜಾರಿಗೆ ಬಂತು. ಗುಡಗೇರಿಯ ಸೂರ್ಯ ಮಾತ್ರ ಎರಡನ್ನೂ ಒಪ್ಪಲಿಲ್ಲ. ನಮ್ಮೂರಲ್ಲಿ ಹೊತ್ತು ನೆತ್ತಿಗೆ ಬರುವುದು ಸರಾಸರಿ 12 ಗಂಟೆ 28 ನಿಮಿಷದ ಆಸುಪಾಸಿನಲ್ಲಿ. ಅಜ್ಜ ಗೋಡೆಯ ಗಡಿಯಾರಕ್ಕೆ ಸ್ಟೇಷನ್ನಿನ ಹೊತ್ತನ್ನು ಕೂಡಿಸುತ್ತಿದ್ದರು, ಜೊಹರ್ ನಮಾಜಿಗೆ ಅಂಗಳದ ನೆರಳನ್ನು ನೋಡುತ್ತಿದ್ದರು. ಎರಡರ ನಡುವೆ ಅವರಿಗೆ ಜಗಳವೇನೂ ಕಾಣಲಿಲ್ಲ.

ಅಜ್ಜನ ಗಡಿಯಾರ ಮಾಡಿದ ಅನ್ಸೋನಿಯಾ ಕಂಪನಿ ಅಮೆರಿಕದ್ದು. 1929ರಲ್ಲಿ ಅದು ದಿವಾಳಿಯ ಅಂಚಿಗೆ ಬಂದಾಗ ಅದರ ಯಂತ್ರಗಳನ್ನು ಸೋವಿಯತ್ ಸರಕಾರ ಕೊಂಡು ಮಾಸ್ಕೋಗೆ ಸಾಗಿಸಿತು. ಹುಟ್ಟಿಸಿದ ಕಾರ್ಖಾನೆ ಹೋಯಿತು, ಗಡಿಯಾರ ಉಳಿಯಿತು. ನಮ್ಮ ಮನೆಮಾತಿನಲ್ಲಿ ತಂದೆ ತೀರಿಕೊಂಡ ಮಗುವನ್ನು ಯತೀಮ ಎನ್ನುತ್ತೇವೆ. ಅಜ್ಜ ಈ ಗಡಿಯಾರವನ್ನೂ ಹಾಗೆಯೇ ಕರೆಯುತ್ತಿದ್ದರು. ಪ್ರತಿ ಶುಕ್ರವಾರ ಎರಡು ಕೀಲಿ ಕೊಡಬೇಕು: ಒಂದು ನಡೆಯಲು, ಇನ್ನೊಂದು ಬಾರಿಸಲು. ಮುಳ್ಳನ್ನು ಹಿಂದಕ್ಕೆ ತಿರುಗಿಸಬಾರದು, ಬಾರಿಸುವ ಲೆಕ್ಕ ತಪ್ಪುತ್ತದೆ. ಹಿಂದೆ ಬಿದ್ದರೆ ಲೋಲಕದ ಬಿಲ್ಲೆಯನ್ನು ಕೊಂಚ ಮೇಲೇರಿಸಬೇಕು, ಮುಂದೆ ಓಡಿದರೆ ಇಳಿಸಬೇಕು. 'ಟಿಕ್' ಮತ್ತು 'ಟಾಕ್' ನಡುವಿನ ಅಂತರ ಸಮನಾಗಿ ಕೇಳಿಸದಿದ್ದರೆ ಗಡಿಯಾರ ಓರೆಯಾಗಿ ನಿಂತಿದೆ ಎಂದರ್ಥ. ಇದನ್ನೆಲ್ಲ ಅಜ್ಜ ಕಿವಿಯಿಂದಲೇ ಕಲಿತಿದ್ದರು.

ಎರಡನೆಯ ಗಡಿಯಾರದ ತೌರು ಬೆಂಗಳೂರು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಎಚ್‌ಎಂಟಿ ಅಲ್ಲಿ ವಾಚು ಮಾಡಲು ತೊಡಗಿದ್ದು 1961ರಲ್ಲಿ. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಬಂತು. ಹೊಸ ಕೆಲಸ, ಮದುವೆ, ಪರೀಕ್ಷೆಯಲ್ಲಿ ಪಾಸು, ಎಲ್ಲಕ್ಕೂ ಎಚ್‌ಎಂಟಿಯೇ ಉಡುಗೊರೆಯಾಗಿದ್ದ ಕಾಲವೊಂದಿತ್ತು. ಆಮೇಲೆ ಬ್ಯಾಟರಿಯ ಕ್ವಾರ್ಟ್ಜ್ ವಾಚುಗಳು ಬಂದವು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿಯ ವಾಚ್ ಕಂಪನಿಯನ್ನು ಮುಚ್ಚುವ ತೀರ್ಮಾನ ಮಾಡಿತು. ಎರಡನೆಯದೂ ಯತೀಮವಾಯಿತು.

ಅಬ್ಬಾ ಹತ್ತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರು ತೀರಿಕೊಂಡ ಮೇಲೆ ವಾಚು ನಿಂತಿತು. ಹುಬ್ಬಳ್ಳಿಯ ರಿಪೇರಿಯವರೊಬ್ಬರ ಬಳಿ ಒಯ್ದೆವು. "ಡಯಲು ಹೊಸದಾಗಿ ಪ್ರಿಂಟ್ ಮಾಡಿಸಿ ಕೊಡ್ತೀನಿ, ಮದುವಣಗಿತ್ತಿ ಹಂಗ ಹೊಳೀತದ" ಎಂದರು. ಮನೆಯಲ್ಲಿ ಚರ್ಚೆಯಾಯಿತು. ತಮ್ಮ ಆಗಲಿ ಎಂದ. ನಾವು ಬೇಡವೆಂದೆವು. ಚಾವಿಯ ಪಕ್ಕದಲ್ಲಿ, 3ರ ಅಂಕಿಯ ಬಳಿ, ಒಂದು ಕಂದು ಕಲೆಯಿದೆ. ಅಬ್ಬಾನ ಕೈಬೆವರು ಒಳಗಿಳಿದು ಆದದ್ದು ಅದು. ಅದನ್ನು ಅಳಿಸಿದರೆ ವಾಚು ಉಳಿದೀತು, ಅಬ್ಬಾ ಉಳಿಯುವುದಿಲ್ಲ. ತಮ್ಮ ಎರಡು ದಿನ ನಮ್ಮೊಡನೆ ಮಾತು ಬಿಟ್ಟ. ಕೊನೆಗೆ ಒಳಗಿನ ಯಂತ್ರವನ್ನಷ್ಟೇ ಬಿಚ್ಚಿ, ತೊಳೆಸಿ, ಎಣ್ಣೆ ಹಾಕಿಸಿದೆವು. ಈಗ ಬೆಳಿಗ್ಗೆ ಎದ್ದವರು ಯಾರೇ ಆಗಲಿ ಅದಕ್ಕೆ ಚಾವಿ ಕೊಡುತ್ತಾರೆ. ಬಿಗಿಯಾಯಿತೆಂದು ಬೆರಳಿಗೆ ತಿಳಿದ ಕೂಡಲೇ ನಿಲ್ಲಿಸುತ್ತಾರೆ.

ಇನ್ನು ನಿಕ್ಸಿ. 1955ರಲ್ಲಿ ಅಮೆರಿಕದ ಬರೋಸ್ ಕಂಪನಿ ಮಾರುಕಟ್ಟೆಗೆ ತಂದ ಕೊಳವೆ ಇದು. ಗಾಜಿನೊಳಗೆ ನಿಯಾನ್ ಅನಿಲವಿದ್ದು, 0ಯಿಂದ 9ರವರೆಗಿನ ತಂತಿಯ ಅಂಕಿಗಳು ಒಂದರ ಹಿಂದೊಂದು ನಿಂತಿರುತ್ತವೆ. ಸುಮಾರು 170 ವೋಲ್ಟ್ ಹರಿಸಿದ ಅಂಕಿಯ ಸುತ್ತ ಅನಿಲ ಬೆಳಗುತ್ತದೆ. 1970ರ ದಶಕದಲ್ಲಿ ಅಗ್ಗದ ಎಲ್‌ಇಡಿ ಅಂಕಿಗಳು ಬಂದು ಇದನ್ನು ಮೂಲೆಗೆ ತಳ್ಳಿದವು. ಸೋವಿಯತ್ ಕಾರ್ಖಾನೆಗಳು ಇನ್ನಷ್ಟು ವರ್ಷ ಮಾಡಿದವು. ಇಂದಿನ ಹಳೆಶೈಲಿಯ ನಿಕ್ಸಿ ಗಡಿಯಾರಗಳು ಹೆಚ್ಚಾಗಿ ಉರಿಸುವುದು ಅಲ್ಲಿ ಉಳಿದ ದಾಸ್ತಾನನ್ನೇ. ಅನ್ಸೋನಿಯಾದ ಯಂತ್ರಗಳು ಹೋದ ನಾಡಿನಿಂದಲೇ ನಮ್ಮ ಮೂರನೆಯ ಗಡಿಯಾರದ ಕೊಳವೆಗಳು ಬಂದಿವೆ. ಅವುಗಳ 5ನ್ನು ಗಮನಿಸಿ ನೋಡಿದರೆ, ಅದು ತಲೆಕೆಳಗಾದ 2! ಅಚ್ಚೊಂದನ್ನು ಉಳಿಸಿದ ಜಾಣತನವಿರಬೇಕು.

ಇದರ ಆರೈಕೆಯೂ ಸೂಕ್ಷ್ಮ. ಬಹುಕಾಲ ಹೊತ್ತದ ಅಂಕಿಯ ಮೇಲೆ, ಉರಿಯುವ ಅಂಕಿಯಿಂದ ಸಿಡಿದ ಲೋಹದ ಕಣಗಳು ಕೂತು ಪದರವಾಗುತ್ತವೆ. ಆಮೇಲೆ ಅದನ್ನು ಹೊತ್ತಿಸಿದರೂ ಅರ್ಧಂಬರ್ಧ ಬೆಳಗುತ್ತದೆ. ಗಂಟೆಯ ಮೊದಲ ಕೊಳವೆಗೆ 0, 1, 2 ಬಿಟ್ಟು ಬೇರೆ ಕೆಲಸವಿಲ್ಲ. ಅದಕ್ಕೇ ರಾತ್ರಿ ಕೆಲವು ನಿಮಿಷ ಎಲ್ಲ ಅಂಕಿಗಳನ್ನೂ ಸರದಿಯಂತೆ ಓಡಿಸಬೇಕು. ಯಾರೂ ನೋಡದ ಹೊತ್ತಿನಲ್ಲಿ ಆರಿಸಿದರೆ ಆಯುಷ್ಯ ಹೆಚ್ಚು. ದೂಳು ಒರೆಸುವ ಮುನ್ನ ಪ್ಲಗ್ ಕೀಳಬೇಕು, ಸ್ವಲ್ಪ ಹೊತ್ತು ಕಾಯಬೇಕು. ಒಳಗಿನ ವೋಲ್ಟೇಜು ಆಟದ ವಸ್ತುವಲ್ಲ.

ಆ ಅಜ್ಜಿ ಮೊನ್ನೆ ಮತ್ತೆ ಬಂದಾಗ, "ಇದರ ಕೀಲಿ ಇದೇ ನೋಡ್ರಿ" ಎಂದು ಅಂಕಿಗಳನ್ನು ಓಡಿಸಿ ತೋರಿಸಿದೆವು. "ಹಂಗಾರ ಇದಕ್ಕೂ ಮನ್ಯಾಗ ಮಂದಿ ಬೇಕು" ಎಂದರು.

ಮೂರೂ ಗಡಿಯಾರಗಳು ಒಂದೇ ಹೊತ್ತು ತೋರಿಸುವುದಿಲ್ಲ. ಸರಿಯಾದ ಹೊತ್ತು ಬೇಕೆಂದರೆ ಮೊಬೈಲು ಇದೆ. ನಿಮ್ಮ ಮನೆಯ ಅಟ್ಟದಲ್ಲೂ ನಿಂತುಹೋದ ಗಡಿಯಾರವೊಂದು ಇದ್ದೀತು. ಗುಜರಿಯವನಿಗೆ ಕೊಡುವ ಮುನ್ನ ಒಮ್ಮೆ ಕೆಳಗಿಳಿಸಿ, ದೂಳು ಒರೆಸಿ, ಅದಕ್ಕೆ ಕೀಲಿ ಕೊಡುತ್ತಿದ್ದವರು ಯಾರೆಂದು ಮಕ್ಕಳಿಗೆ ಹೇಳಿ.